ಹೂಂ ಅನ್ನುವ ಹೆಬ್ಬೆರಳು

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಹೆಂಗಸು, ‘ಕೊಡಿ ಇಲ್ಲಿ, ನಿಂತ್ಕೊಂಡು ಯಾಕೆ ಹಿಡ್ಕೊಂಡಿರ್ತೀರಾ, ನಾನಿಟ್ಕೋತೀನಿ’ ಎಂದು ಕೈ ಚಾಚಿದಾಗ ಬೇಡ ಅನ್ನಲೆಂದೇ ಅವನು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅವನ ಕೈ ಆ ಚೀಲವನ್ನು ಕೊಟ್ಟೇಬಿಟ್ಟಿತ್ತು. ಹೀಗಾಗಿ ಎಂಟು ಸ್ಟಾಪುಗಳ ಉದ್ದಕ್ಕೂ ಗುರುತು ಪರಿಚಯವಿಲ್ಲದ ಆ ಹೆಂಗಸು ಅವನ ರಿವಾಲ್ವರನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ತನ್ನ ಎರಡೂ ಕೈಗಳನ್ನಿಟ್ಟು, ಅಂಗಡಿ ಬೋರ್ಡುಗಳನ್ನು ಓದುತ್ತ ಕೂತಿದ್ದಳು. ರಿವಾಲ್ವರ್ ಚೀಲದಲ್ಲಿದ್ದ ಊಟದ ಡಬ್ಬಿಯೊಳಗೆ ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಗುಂಡುಗಳು ಬೇರೆಯಾಗಿ, ಅವನ ಷರಟಿನ ಜೇಬಿನ ಕನ್ನಡಕದ ಪೆಟ್ಟಿಗೆಯಲ್ಲಿದ್ದವು. ಕನ್ನಡಕ ಮನೆಯಲ್ಲಿತ್ತು. ‘ಡಬ್ಬಿ ಒಳ್ಳೆ ಭಾರ ಇದೆ’ ಎಂದು ಹೆಂಗಸು ಮೆಚ್ಚುಗೆಯಿಂದಲೇ ಹೇಳಿದಳು. ‘ಮನೇಲಿ ಚೆನ್ನಾಗಿ ತುಂಬಿ ಕಳಿಸ್ತಾರೆ ಅನ್ನಿ.’ ಅವನು ‘ಹೂಂ’ ಅಂದ. ತುಂಬಿಲ್ಲ, ಖಾಲಿ ಮಾಡಿಯೇ ತಂದಿದ್ದೇನೆ ಎಂದು ಹೇಳುವುದಾದರೂ ಹೇಗೆ? ಅವಳು ಇಳಿಯುವಾಗ ಚೀಲ ವಾಪಸು ಕೊಟ್ಟು, ಬಿಸಿ ಆರುವ ಮುಂಚೆ ತಿಂದುಬಿಡಿ ಎಂದು ಹೇಳಿ ಹೋದಳು. ಅದಕ್ಕೂ ಅವನು ಹೂಂ ಅಂದ. ಕಂಕುಳು ಪೂರಾ ಒದ್ದೆಯಾಗಿತ್ತು.

ರಿವಾಲ್ವರ್ ಮನೆಗೆ ಬಂದು ಇಪ್ಪತ್ತು ದಿನವಾಗಿತ್ತು. ಬರಲಿ ಎಂದು ಕಾದದ್ದು ಒಂದೂವರೆ ವರ್ಷ. ಐದು ಗುಂಡಿನದು, ಅಂಗೈ ಮುಚ್ಚಿದರೆ ಒಳಗೇ ಕೂರುವಷ್ಟು ಪುಟ್ಟದು. ಲೈಸೆನ್ಸಿನ ವಿಚಾರಣೆಗೆ ಕರೆಸಿದ್ದ ಅಧಿಕಾರಿ, ‘ನಿಮಗೆ ಯಾರಿಂದ ಅಪಾಯ ಇದೆ?’ ಎಂದು ಕೇಳಿ ಪೆನ್ನು ಹಿಡಿದು ಕಾದಿದ್ದರು. ಅವನಿಗೆ ಒಂದು ಹೆಸರೂ ಹೊಳೆಯಲಿಲ್ಲ. ನಲವತ್ತೊಂಬತ್ತು ವರ್ಷ ಬದುಕಿ ಒಬ್ಬನೇ ಒಬ್ಬ ಶತ್ರುವನ್ನು ಸಂಪಾದಿಸಲಾಗಲಿಲ್ಲವಲ್ಲ ಎಂದು ಅಲ್ಲಿ ಅವನಿಗಾದ ನಾಚಿಕೆ ಅಷ್ಟಿಷ್ಟಲ್ಲ. ‘ಯೋಚನೆ ಮಾಡಿ ನಾಳೆ ಬನ್ನಿ’ ಎಂದು ಅಧಿಕಾರಿ ಕನಿಕರದಿಂದ ಹೇಳಿದರು. ಮನೆಗೆ ಬಂದು ಹೆಂಡತಿಯನ್ನು ಕೇಳಿದರೆ, ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿ, ನಿಜವಾಗಿಯೂ ಯೋಚಿಸಿ, ‘ನಿಮಗಾ? ಯಾರೂ ಇಲ್ಲಾರೀ. ಏನ್ ಕೇಳಿದ್ರೂ ಹೂಂ ಅಂತೀರಲ್ಲ, ನಿಮ್ಮ ಮೇಲೆ ಯಾರಿಗ್ಯಾಕೆ ಸಿಟ್ಟು?’ ಅಂದಳು. ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. ಅವನಿಗೆ ಮಾತ್ರ ಯಾರೋ ಬೆನ್ನಿಗೆ ಗುದ್ದಿದ ಹಾಗಾಯಿತು. ಪಕ್ಕದ ಮನೆಯವರು ಅವನ ಏಣಿ ತೆಗೆದುಕೊಂಡು ಹೋಗಿ ನಾಲ್ಕು ವರ್ಷವಾಗಿತ್ತು. ಈಗ ತನಗೆ ಬೇಕಾದಾಗ ಅವನೇ ಹೋಗಿ, ಸ್ವಲ್ಪ ಏಣಿ ಕೊಡ್ತೀರಾ ಎಂದು ಕೇಳಿ ತರುತ್ತಿದ್ದ. ಕ್ಷೌರದ ಅಂಗಡಿಯಲ್ಲಿ ‘ಸಾರ್, ಬರೀ ಗಡ್ಡ, ಒಂದೇ ನಿಮಿಷ’ ಅಂದವರನ್ನೆಲ್ಲ ಮುಂದೆ ಬಿಟ್ಟು ಬಿಟ್ಟು, ಒಮ್ಮೆ ಅಂಗಡಿ ಬಾಗಿಲು ಹಾಕುವ ತನಕ ಕೂತು, ಕತ್ತರಿಸದ ಕೂದಲಿನಲ್ಲೇ ಮನೆಗೆ ಬಂದಿದ್ದ. ಜೇಬಿನಲ್ಲಿ ರಿವಾಲ್ವರ್ ಇದ್ದವನಿಗೆ ಹೀಗಾಗುತ್ತದೆಯೇ? ಅದನ್ನು ಹಾರಿಸುವುದೇನೂ ಬೇಕಿಲ್ಲ. ತೋರಿಸುವುದೂ ಬೇಡ. ಇದೆ ಎಂದು ತನಗೊಬ್ಬನಿಗೆ ಗೊತ್ತಿದ್ದರೆ ಸಾಕು, ಇಲ್ಲ ಎನ್ನುವ ಮಾತು ತಾನಾಗಿ ಬರುತ್ತದೆ ಎಂದು ಅವನು ಬಲವಾಗಿ ನಂಬಿದ್ದ. ಮಾರನೆಯ ದಿನ ಹೋಗಿ ಅಧಿಕಾರಿಗೆ, ‘ಒಟ್ಟಾರೆ ಎಲ್ಲರಿಂದಲೂ ಸ್ವಲ್ಪ ಸ್ವಲ್ಪ’ ಎಂದು ಬರೆಸಿದ. ಅವರು ಅವನನ್ನು ಒಂದು ಗಳಿಗೆ ದಿಟ್ಟಿಸಿ, ಹಾಗೆಯೇ ಬರೆದುಕೊಂಡರು.

ಕಳೆದ ಭಾನುವಾರ ಬೆಳಿಗ್ಗೆ ಆ ನಂಬಿಕೆಗೆ ಕಲ್ಲು ಬಿತ್ತು. ಭಾವ, ಅಂದರೆ ಹೆಂಡತಿಯ ಅಣ್ಣ, ಶೂಟಿಂಗ್ ಕ್ಲಬ್ಬಿನ ಹಳೆಯ ಸದಸ್ಯ. ನಕ್ಕರೆ ಗೋಡೆಯ ಗಡಿಯಾರ ಅಲುಗುವಂಥ ದೇಹ. ‘ತಗೊಂಡು ಬಾರಯ್ಯಾ ನಿನ್ನ ಆಟದ ಸಾಮಾನು’ ಎಂದು ಅವನನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದ. ಅವನು ಕಾಲು ಅಗಲಿಸಿ ನಿಂತು, ಉಸಿರು ಬಿಗಿಹಿಡಿದು, ಟ್ರಿಗರ್ ಎಳೆದ. ಢಂ. ತನ್ನ ಕೈಯಿಂದಲೇ ಇಷ್ಟು ದೊಡ್ಡ ಸದ್ದು ಬರಬಹುದೆಂದು ಅವನಿಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಎರಡನೆಯ ಸಲ ಟಕ್ ಅಂದಿತು, ಅಷ್ಟೆ. ಡಬ್ಬಿಯ ಮುಚ್ಚಳ ಹಾಕಿದಂಥ ಸದ್ದು. ಮೂರನೆಯದು ಹಾರಿತು, ನಾಲ್ಕನೆಯದು ಮತ್ತೆ ಟಕ್, ಐದನೆಯದು ಹಾರಿತು. ಹೊಸ ಗುಂಡು ತುಂಬಿ ಮತ್ತೆ ಹೊಡೆದರೂ ಐದರಲ್ಲಿ ಎರಡು ಕೈಕೊಟ್ಟವು. ಭಾವ ಮೊದಲು ಗಂಭೀರನಾಗಿರಲು ಪ್ರಯತ್ನಿಸಿದ. ಆಮೇಲೆ ಬೆಂಚಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ‘ಮನಸ್ಸು ಬಂದ್ರೆ ಹಾರತ್ತೆ, ಇಲ್ದಿದ್ರೆ ಇಲ್ಲ. ಪಾಪ, ಒಳ್ಳೆ ಸ್ವಭಾವ ಕಣಯ್ಯಾ, ನಿನ್ನ ಕೈಗೆ ಸರಿಯಾದದ್ದೇ ಸಿಕ್ಕಿದೆ’ ಎಂದು ನಗತೊಡಗಿದ. ಅವನೂ ಜೊತೆಗೆ ನಕ್ಕ. ನಗುವುದು ಬೇಡವೆಂದರೂ ಮುಖ ನಕ್ಕಿತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹಾರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದ ರಿವಾಲ್ವರನ್ನು ಜೇಬಿನಲ್ಲಿಟ್ಟುಕೊಂಡು ಯಾರಿಗೆ ತಾನೇ ಇಲ್ಲ ಎನ್ನುವುದು? ಹಾಗಾಗಿಯೇ ಇವತ್ತು ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಡಬ್ಬಿಯಲ್ಲಿ ಅದನ್ನು ಹೊತ್ತು, ಬಂದೂಕು ರಿಪೇರಿಯ ಅಂಗಡಿಗೆ ಬಂದಿದ್ದ.

ಅಂಗಡಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತಿದ್ದಳು. ಎಲ್ಲರೂ ಅವಳನ್ನು ರಿಪೇರಿಯಮ್ಮ ಅನ್ನುತ್ತಿದ್ದರು. ಅವನು ಡಬ್ಬಿಯ ಮುಚ್ಚಳ ತೆಗೆದಾಗ ಅವಳು ಒಳಗೆ ಇಣುಕಿ ಮೂಸಿ ನೋಡಿ, ‘ಇದಕ್ಕೆ ಊಟದ ವಾಸನೆ ಹಿಡಿದಿದೆಯಲ್ಲಪ್ಪಾ’ ಅಂದಳು. ಹಾರದೆ ಉಳಿದಿದ್ದ ನಾಲ್ಕು ಗುಂಡುಗಳನ್ನು ಅವನು ಕನ್ನಡಕದ ಪೆಟ್ಟಿಗೆಯಿಂದ ತೆಗೆದುಕೊಟ್ಟ. ಅವಳು ಅವುಗಳ ಬೆನ್ನನ್ನು ದೀಪಕ್ಕೆ ಹಿಡಿದು ತೋರಿಸಿದಳು. ‘ನೋಡು ಇಲ್ಲಿ. ನಡೂ ಮಧ್ಯೆ ಹೊಡೆದಿರೋ ಗುರುತು ಇದೆ, ಆದ್ರೆ ಆಳ ಇಲ್ಲ. ಬಾಗಿಲು ತಟ್ಟಿದೆ, ಒಳಗಿದ್ದೋರಿಗೆ ಕೇಳಿಸಿಲ್ಲ. ಗುಂಡಿಗೆ ಬಡಿಯೋ ಹ್ಯಾಮರಿಗೆ ಜೋರಿಲ್ಲ.’ ನಾಲ್ಕು ಸ್ಕ್ರೂ ಬಿಚ್ಚಿ, ಹಿಡಿಯನ್ನು ಕಳಚಿ, ಒಳಗಿಂದ ಹ್ಯಾಮರನ್ನು ತಳ್ಳುವ, ಕಿರುಬೆರಳುದ್ದದ ಒಂದು ಸ್ಪ್ರಿಂಗನ್ನು ಎಳೆದು ತೆಗೆದು ಬಟ್ಟೆಯ ಮೇಲಿಟ್ಟಳು. ಅದರ ಕೊನೆಯ ಸುತ್ತಿನ ಮೇಲೆ ಸಾಸಿವೆ ಗಾತ್ರದ ಒಂದು ಹಸಿರು ಚುಕ್ಕೆ ಇತ್ತು.

ಅವನು ಆ ಚುಕ್ಕೆಯನ್ನು ನೋಡಿದ. ತನ್ನ ಅಕ್ಷರವನ್ನು ತಾನೇ ಗುರುತಿಸದೆ ಇರುವುದಕ್ಕೆ ಆಗುತ್ತದೆಯೇ? ಸ್ವಲ್ಪ ಎಡಕ್ಕೆ ವಾಲಿದ, ಕೊನೆಯಲ್ಲಿ ಕೂದಲೆಳೆಯಷ್ಟು ಬಾಲವಿರುವ ಚುಕ್ಕೆ. ಸ್ಪ್ರಿಂಗ್ ಕಾರ್ಖಾನೆಯ ಪರೀಕ್ಷೆಯ ಟೇಬಲ್ಲಿನ ಮುಂದೆ ಇಪ್ಪತ್ತೆರಡು ವರ್ಷದಿಂದ ಕೂತು ಅವನೇ ಇಡುತ್ತಿದ್ದ ಚುಕ್ಕೆ. ಕಾರ್ಖಾನೆಯಲ್ಲಿ ಅವನಿಗೆ ಚುಕ್ಕೆ ಸಾರ್ ಎಂದೇ ಹೆಸರು. ಬುಟ್ಟಿಯೊಂದಕ್ಕೆ ಐನೂರು ಸ್ಪ್ರಿಂಗ್. ಅದರಲ್ಲಿ ಇಪ್ಪತ್ತನ್ನು ಯಂತ್ರಕ್ಕೆ ಕೊಟ್ಟು ಅದುಮಿ, ಮುಳ್ಳು ಎಷ್ಟು ಕಿಲೋ ತೋರಿಸುತ್ತದೆಂದು ನೋಡಿ, ಸರಿಯಿದ್ದರೆ ಬುಟ್ಟಿಯ ಒಂದೊಂದು ಸ್ಪ್ರಿಂಗಿಗೂ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು ಎಂದು ನಿಯಮ. ಮೊದಲ ಎರಡು ವರ್ಷ ಹಾಗೆಯೇ ಮಾಡಿದ್ದ. ಆಮೇಲೆ ಹೆಬ್ಬೆರಳಿಗೇ ಎಲ್ಲ ಗೊತ್ತಾಗತೊಡಗಿತು. ಸ್ಪ್ರಿಂಗನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಮ್ಮೆ ಅದುಮಿದರೆ ಸಾಕು, ಹೆಬ್ಬೆರಳು ಹೂಂ ಅನ್ನುತ್ತಿತ್ತು. ಹಿಂದಿನ ಮ್ಯಾನೇಜರು ಯಾರೇ ಅತಿಥಿ ಬಂದರೂ ‘ಇವರ ಹೆಬ್ಬೆರಳೇ ನಮ್ಮ ಮಿಷಿನ್ನು’ ಎಂದು ಅವನನ್ನು ತೋರಿಸುತ್ತಿದ್ದರು. ಒಂದು ವರ್ಷ ಕಾರ್ಖಾನೆಯ ಕ್ಯಾಲೆಂಡರಿನಲ್ಲಿ ಅವನ ಹೆಬ್ಬೆರಳಿನ ಫೋಟೋ ಬಂದಿತ್ತು, ಮುಖದ್ದಲ್ಲ.

ರಿಪೇರಿಯಮ್ಮ ಸ್ಪ್ರಿಂಗನ್ನು ತನ್ನ ಪುಟ್ಟ ತಕ್ಕಡಿಯಲ್ಲಿ ಅದುಮಿ ನೋಡಿದಳು. ‘ಆರು ಕಿಲೋ ತಡೀಬೇಕಾದ್ದು, ನಾಲ್ಕಕ್ಕೇ ಮಲಗಿಬಿಡ್ತು. ಇದನ್ನ ಯಾವ ಕತ್ತೆ ಪಾಸು ಮಾಡಿತೋ! ಚುಕ್ಕೆ ಬೇರೆ ಇಟ್ಟಿದಾನೆ ನೋಡು, ಚೆಂದಕ್ಕೆ.’

‘ಹೌದಮ್ಮಾ’ ಅಂದ ಅವನು.

‘ಕೂತ್ಕೊಂಡು ಸಂಬಳ ತಿನ್ನೋದು. ಕಣ್ಣಿಲ್ವಾ, ಕೈಯಿಲ್ವಾ ಅವನಿಗೆ?’

‘ನಾಚಿಕೆಗೆಟ್ಟೋನು’ ಅಂದ ಅವನು. ಅಂದ ಮೇಲೆ ಇನ್ನೂ ಸಾಲದು ಅನ್ನಿಸಿ, ‘ಇಂಥೋರನ್ನ ಒದ್ದು ಓಡಿಸ್ಬೇಕು’ ಎಂದೂ ಸೇರಿಸಿದ. ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಅವಳು ತಲೆಯೆತ್ತಿ, ಪರವಾಗಿಲ್ಲ, ನಿನಗೂ ಸಿಟ್ಟು ಬರುತ್ತದೆಯಲ್ಲ ಎನ್ನುವ ಹಾಗೆ ನೋಡಿದಳು. ಅವನ ಕಿವಿ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಅವನು ಯಾರನ್ನಾದರೂ ಬಾಯಿ ತುಂಬ ಬೈದದ್ದು ಇದೇ ಮೊದಲು.

‘ಈ ತಿಂಗಳಲ್ಲಿ ಇದು ನಾಲ್ಕನೇದು ಕಣಪ್ಪಾ’ ಎಂದು ಅವಳು ಹೇಳಿದಳು. ‘ನಾನು ಹೊಸ ಸ್ಪ್ರಿಂಗ್ ಹಾಕಿಬಿಡ್ತೀನಿ, ಅದೇನ್ ದೊಡ್ಡದಲ್ಲ. ಆದ್ರೆ ಕಂಪನಿಯೋರು ಮಾರಿರೋದನ್ನೆಲ್ಲ ವಾಪಸ್ ಕರೀಬೇಕು ಅಂದ್ರೆ ಈ ಸ್ಪ್ರಿಂಗೂ ಬೇಕು, ಮಾಲೀಕರು ಬರೆದು ಸಹಿ ಮಾಡಿರೋ ದೂರೂ ಬೇಕು. ಮೂರು ಜನ ಗಂಡಸರು ಬಂದ್ರು, ಮೂರು ಜನಾನೂ ಫಾರಂ ತಗೊಂಡ್ ಹೋದ್ರು, ಒಬ್ಬನೂ ಬರ್ಲಿಲ್ಲ. ನನ್ನ ರಿವಾಲ್ವರ್ ಹಾರೋಲ್ಲ ಅಂತ ಬರೆದು ಕೆಳಗೆ ಹೆಸರು ಹಾಕೋಕೆ ಯಾವ ಗಂಡಸಿಗೆ ಮನಸ್ಸು ಬರತ್ತೆ ಹೇಳು!’ ನಗುತ್ತಿದ್ದವಳು ನಿಲ್ಲಿಸಿದಳು. ‘ಮೂರನೆಯವನು ಹಣ ಸಾಗಿಸೋ ವ್ಯಾನಿನ ಕಾವಲಿನವನು. ಮದುವೆಯಾಗಿ ಮೂರು ತಿಂಗಳಂತೆ. ಅಭ್ಯಾಸಕ್ಕೆ ಅಂತ ಹೊಡೆದು ನೋಡಿದಾನೆ, ಅದಕ್ಕೆ ಗೊತ್ತಾಯ್ತು. ಅಭ್ಯಾಸ ಮಾಡದೇ ಇರೋರು ಎಷ್ಟು ಜನ ಸೊಂಟಕ್ಕೆ ಇದನ್ನ ಸಿಕ್ಕಿಸ್ಕೊಂಡು ಓಡಾಡ್ತಿದಾರೋ.’ ಅವಳು ಸ್ಪ್ರಿಂಗನ್ನು ಒಂದು ಸಣ್ಣ ಕವರಿಗೆ ಹಾಕಿ, ಫಾರಮ್ಮಿಗೆ ಪಿನ್ನು ಹೊಡೆದು ಅವನ ಮುಂದಿಟ್ಟಳು. ‘ಓದಿ, ಸಹಿ ಮಾಡಿ ತರ್ತೀನಿ’ ಅಂದ ಅವನು. ‘ಮೂರು ಜನಾನೂ ಇದೇ ಮಾತು ಅಂದಿದ್ದು’ ಎಂದು ಹೇಳಿ ಅವಳು ಭೂತಗಾಜನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡಳು. ರಿವಾಲ್ವರ್ ಅವಳ ಬಳಿಯೇ ಉಳಿಯಿತು.

ಖಾಲಿ ಡಬ್ಬಿ ಹಿಡಿದು ಕಾರ್ಖಾನೆಯ ಕಡೆ ನಡೆಯುತ್ತ ಅವನು ಲೆಕ್ಕ ಹಾಕಿದ. ದೂರು ಬಂದರೆ ಕಂಪನಿಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಪರೀಕ್ಷಾ ವಿಭಾಗಕ್ಕೆ ಬರಬೇಕು. ಪರೀಕ್ಷಾ ವಿಭಾಗವೆಂದರೆ ಒಂದು ಟೇಬಲ್ಲು, ಒಂದು ಸ್ಟೂಲು, ಅವನು. ಸಹಿ ಮಾಡಿದವನ ಹೆಸರು ಕಂಡರೆ ಇಡೀ ಕಾರ್ಖಾನೆ ಭಾವನ ಹಾಗೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಸಹಿ ಮಾಡದಿದ್ದರೆ? ಮಾಡದಿದ್ದರೆ ಏನೂ ಆಗುವುದಿಲ್ಲ ಎಂದು ಒಂದು ಮನಸ್ಸು ಹೇಳಿತು. ಅಷ್ಟೇ ಏಕೆ, ಒಳ್ಳೆಯದೇ ಆಗುತ್ತದೆ. ಐನೂರು ರಿವಾಲ್ವರುಗಳು ಐದರಲ್ಲಿ ಎರಡು ಸಲ ಹಾರುವುದಿಲ್ಲ. ಯಾರೋ ಸಿಟ್ಟಿನಲ್ಲಿ ತಮ್ಮನಿಗೆ ಗುರಿಯಿಟ್ಟು ಎಳೆದರೆ ಟಕ್ ಅನ್ನುತ್ತದೆ, ಅವನು ಬೆಚ್ಚಿ ರಿವಾಲ್ವರ್ ಕೆಳಗೆ ಹಾಕಿ ತಮ್ಮನನ್ನು ತಬ್ಬಿಕೊಂಡು ಅಳುತ್ತಾನೆ. ಇದೆಲ್ಲ ತನ್ನ ಹೆಬ್ಬೆರಳಿನ ಪುಣ್ಯ. ಈ ಯೋಚನೆ ಅವನಿಗೆ ಎರಡು ರಸ್ತೆಗಳ ಉದ್ದಕ್ಕೂ ಸುಖ ಕೊಟ್ಟಿತು. ಮೂರನೆಯ ರಸ್ತೆಯಲ್ಲಿ ಒಂದು ಬ್ಯಾಂಕಿನ ಮುಂದೆ ವ್ಯಾನು ನಿಂತಿತ್ತು. ಹಿಂಬಾಗಿಲ ಬಳಿ ನಿಂತ ಕಾವಲಿನವನು ಆಕಳಿಸುತ್ತ, ಸೊಂಟದ ಚರ್ಮದ ಚೀಲವನ್ನು ನೆಚ್ಚಿಕೆಯಿಂದ ಒಮ್ಮೆ ತಟ್ಟಿ ನೋಡಿಕೊಂಡ. ಆ ಮನುಷ್ಯನ ಹತ್ತಿರ ಹೋಗಿ, ಅಣ್ಣಾ, ನಿಮ್ಮ ರಿವಾಲ್ವರ್ ಯಾವ ಕಂಪನಿಯದು ಎಂದು ಕೇಳಬೇಕೆನ್ನಿಸಿತು. ಹಣದ ವ್ಯಾನಿನ ಹತ್ತಿರ ಹೋಗಿ ಅಂಥ ಪ್ರಶ್ನೆ ಕೇಳಿದರೆ ಆಗುವುದೇನೆಂದು ಹೊಳೆದು, ತಲೆ ತಗ್ಗಿಸಿ ರಸ್ತೆ ದಾಟಿದ.

ಟೇಬಲ್ಲಿಗೆ ಬಂದು ಕೂತಾಗ ಮೂರು ಗಂಟೆ ದಾಟಿತ್ತು. ತಪ್ಪು ಎಲ್ಲಾಯಿತೆಂದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದುಕೊಂಡಿದ್ದ. ಲೈಸೆನ್ಸಿಗೆ ಕಾಯುತ್ತಿದ್ದ ದಿನಗಳಲ್ಲಿ ಅವನು ರಿವಾಲ್ವರಿನ ಕ್ಯಾಟಲಾಗನ್ನು ಈ ಟೇಬಲ್ಲಿನ ಡ್ರಾಯರಿನಲ್ಲಿಟ್ಟು, ಅರ್ಧ ತೆರೆದು ಓದುತ್ತಿದ್ದ. ಆ ರಿವಾಲ್ವರ್ ಕಂಪನಿಗೆ ಹೋಗಬೇಕಿದ್ದ ಬುಟ್ಟಿ ಬಂದ ದಿನವೂ ಬಲಗೈ ಸ್ಪ್ರಿಂಗ್ ಅದುಮುತ್ತಿತ್ತು, ಕಣ್ಣು ಡ್ರಾಯರಿನೊಳಗಿತ್ತು. ರಿವಾಲ್ವರಿನ ಆಸೆಯೇ ರಿವಾಲ್ವರನ್ನು ಕೆಡಿಸಿತು. ಒಂದು ದಿನದ ಮೈಮರೆವು. ಮನುಷ್ಯನೆಂದ ಮೇಲೆ ಒಂದು ದಿನ ಮೈಮರೆಯುವುದಿಲ್ಲವೇ? ಹಾಗೆಂದು ಬರೆದುಕೊಟ್ಟರೆ ಬೈದು ಬಿಡಬಹುದು. ಸಮಾಧಾನಕ್ಕೆಂದು ಕವರಿನಿಂದ ಆ ಸ್ಪ್ರಿಂಗನ್ನು ತೆಗೆದು, ಈ ಸಲ ಪೂರ್ತಿ ಗಮನವಿಟ್ಟು, ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಅದುಮಿದ.

ಹೆಬ್ಬೆರಳು ಹೂಂ ಅಂದಿತು.

ಮತ್ತೊಮ್ಮೆ ಅದುಮಿದ. ಹೂಂ. ಹೊದಿಸಿದ್ದ ಬಟ್ಟೆಯನ್ನು ಒಂದು ಮೂಲೆಯಲ್ಲಿ ಎತ್ತಿ ಯಂತ್ರಕ್ಕೆ ಕೊಟ್ಟ, ಮುಳ್ಳು ನಾಲ್ಕರ ಹತ್ತಿರ ನಡುಗಿ ನಿಂತಿತು. ಎದ್ದು ಹೋಗಿ, ಸುರುಳಿ ಯಂತ್ರದವರು ಇದು ಕೆಟ್ಟದ್ದೆಂದು ತಾವೇ ಎಸೆಯುವ ಕೆಂಪು ಡಬ್ಬಿಯಿಂದ ಒಂದು ಹಿಡಿ ಸ್ಪ್ರಿಂಗ್ ತಂದು ಟೇಬಲ್ಲಿನ ಮೇಲೆ ಸುರಿದುಕೊಂಡ. ಒಂದೊಂದಾಗಿ ಅದುಮಿದ. ಹೂಂ, ಹೂಂ, ಹೂಂ. ಒಂದಂತೂ ಕೂದಲಿನ ಕ್ಲಿಪ್ಪಿಗಿಂತ ಮೆತ್ತಗಿತ್ತು. ಅದಕ್ಕೂ ಹೆಬ್ಬೆರಳು ಸ್ವಲ್ಪ ತಡೆದು, ಪಾಪ, ಹೋಗಲಿ ಎನ್ನುವ ಹಾಗೆ ಹೂಂ ಅಂದಿತು. ಹೆಬ್ಬೆರಳನ್ನು ನಂಬಿದ ಇಪ್ಪತ್ತು ವರ್ಷದಲ್ಲಿ ತಾನು ಕೆಂಪು ಚುಕ್ಕೆಯಿಟ್ಟ ಬುಟ್ಟಿಗಳೆಷ್ಟೆಂದು ನೆನಪಿಸಿಕೊಳ್ಳಲು ನೋಡಿದ. ಏಳು. ಆ ಏಳೂ, ಹೊರಗಿನವರು ತಪಾಸಣೆಗೆ ಬಂದಾಗ ಅವರಿಗೆ ತೋರಿಸಲೆಂದು ಯಂತ್ರ ಬಳಸಿದ್ದ ದಿನಗಳವು. ಉಳಿದ ಸಾವಿರಾರು ಬುಟ್ಟಿಗಳು ಬಾಗಿಲುಗಳಿಗೆ, ಪೆನ್ನುಗಳಿಗೆ, ಕುರ್ಚಿಗಳಿಗೆ, ತಕ್ಕಡಿಗಳಿಗೆ, ಬ್ರೇಕುಗಳಿಗೆ ಹೋಗಿದ್ದವು. ಬ್ರೇಕು ಎನ್ನುವಲ್ಲಿಗೆ ಬಂದಾಗ ಅವನು ಲೆಕ್ಕ ನಿಲ್ಲಿಸಿದ. ಹೆಬ್ಬೆರಳಿಗೆ ಎಲ್ಲ ಗೊತ್ತು ಎಂದುಕೊಂಡಿದ್ದ. ಅದಕ್ಕೆ ಗೊತ್ತಿದ್ದದ್ದು ಒಂದೇ, ಯಾರ ಮನಸ್ಸನ್ನೂ ನೋಯಿಸಬಾರದೆಂದು. ಸ್ಪ್ರಿಂಗಿನ ಮನಸ್ಸನ್ನೂ. ಅವನಿಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು. ಪ್ಯಾಕಿಂಗಿನ ಹೆಂಗಸರು ತಿರುಗಿ ನೋಡಿದರು. ಅವನು ಫಾರಮ್ಮನ್ನು ಬಿಡಿಸಿ, ‘ಕಾರಣ’ ಎಂಬ ಜಾಗದಲ್ಲಿ ‘ಸ್ಪ್ರಿಂಗ್ ಪರೀಕ್ಷೆ ಆಗಿರಲಿಲ್ಲ, ಪರೀಕ್ಷಕ ನಾನೇ’ ಎಂದು ಬರೆದು ಸಹಿ ಹಾಕಿದ.

ನಾಲ್ಕೂವರೆಗೆ ಮ್ಯಾನೇಜರು ಬಂದರು. ವಯಸ್ಸಿನಲ್ಲಿ ಅವನಿಗಿಂತ ಹತ್ತು ವರ್ಷ ಚಿಕ್ಕವರು. ಅವನ ಹೆಗಲ ಮೇಲೆ ಕೈಯಿಟ್ಟು ಮಾತಾಡುವುದು ಅಭ್ಯಾಸ. ‘ಚುಕ್ಕೆ ಸಾರ್, ಆ ರಿವಾಲ್ವರ್ ಕಂಪನಿಯೋರ ಬುಟ್ಟಿ ಬಂದಿದೆ ನೋಡಿ, ಹಸಿರು ಇಟ್ಟುಬಿಡಿ. ಲಾರಿ ನಿಂತಿದೆ, ಐದಕ್ಕೆ ಹೊರಡ್ಬೇಕು.’ ಬುಟ್ಟಿ ಆಗಲೇ ಟೇಬಲ್ಲಿನ ಪಕ್ಕದಲ್ಲಿತ್ತು. ಐನೂರು ಹೊಸ ಸ್ಪ್ರಿಂಗುಗಳು ಎಣ್ಣೆಯಲ್ಲಿ ಹೊಳೆಯುತ್ತಿದ್ದವು.

ಅವನು ಫಾರಮ್ಮನ್ನು ಮುಂದೆ ಸರಿಸಿದ. ಮ್ಯಾನೇಜರು ನಿಂತಲ್ಲೇ ಓದಿದರು. ‘ಇದೇನ್ ಸಾರ್? ದೂರು ಕೊಟ್ಟಿರೋದು ಯಾರು?’

‘ನಾನು.’

‘ಯಾರ ಮೇಲೆ?’

‘ನನ್ನ ಮೇಲೇ.’

ಮ್ಯಾನೇಜರು ಅವನ ಮುಖವನ್ನೇ ನೋಡಿ, ಆಮೇಲೆ ಹೋ ಎಂದು ನಕ್ಕು ಹೆಗಲು ತಟ್ಟಿದರು. ‘ನೀವು ರಿವಾಲ್ವರ್ ಬೇರೆ ತಗೊಂಡಿದೀರಾ? ನಂಬೋಕೇ ಆಗಲ್ಲ ಬಿಡಿ. ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಮೇಲೆ ಒಂದು ದೂರಿಲ್ಲ, ಈಗ ನೀವೇ ಶುರು ಮಾಡ್ಬೇಡಿ. ನಾಳೆ ಕೂತು ಮಾತಾಡೋಣ. ಮೊದ್ಲು ಇದಕ್ಕೆ ಚುಕ್ಕೆ ಇಡಿ’ ಎಂದು ಹಸಿರು ಬಣ್ಣದ ಕಡ್ಡಿಯನ್ನು ತಾವೇ ತೆಗೆದು ಅವನ ಕೈಗೆ ಕೊಟ್ಟರು. ಅವನ ಕೈ ಅದನ್ನು ತೆಗೆದುಕೊಂಡಿತು. ತೆಗೆದುಕೊಳ್ಳುವುದು ಅದಕ್ಕೆ ರೂಢಿ.

ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಅವನು ಮತ್ತೆ ಬಾಯಿ ತೆರೆದ. ಗಂಟಲಲ್ಲಿ ಏನೋ ಟಕ್ ಅಂದಿತು, ಮಾತು ಹೊರಡಲಿಲ್ಲ. ‘ಏನ್ ಸಾರ್, ನೀರು ಬೇಕಾ?’ ಎಂದು ಮ್ಯಾನೇಜರು ಕೇಳಿದರು. ಜೇಬಿನಲ್ಲಿ ರಿವಾಲ್ವರ್ ಇರಲಿಲ್ಲ. ಖಾಲಿ ಡಬ್ಬಿಯಿತ್ತು, ಅದೂ ಟೇಬಲ್ಲಿನ ಕೆಳಗೆ. ಅವನು ಕಡ್ಡಿಯನ್ನು ಬಣ್ಣದ ಡಬ್ಬಿಯಲ್ಲಿ ವಾಪಸು ಇಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತು, ಮೂರನೆಯ ಸಲ ಬಾಯಿ ತೆರೆದ.

‘ಆಗೋಲ್ಲ.’

ಸದ್ದು ಪ್ಯಾಕಿಂಗಿನ ತನಕ ಕೇಳಿಸಿತು. ಮ್ಯಾನೇಜರ ಕೈ ಅವನ ಹೆಗಲಿನಿಂದ ಸರಿಯಿತು. ಅವರು ಅವನನ್ನು, ಬುಟ್ಟಿಯನ್ನು, ಬಟ್ಟೆ ಹೊದಿಸಿದ್ದ ಯಂತ್ರವನ್ನು ಒಮ್ಮೆ ನೋಡಿದರು. ಬೈಯುತ್ತಾರೆಂದು ಅವನು ಕಾದ. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಮನೆಯ ಕುರ್ಚಿ ಮಾತಾಡಿದರೆ ಆಗುವಂಥ ಗಾಬರಿ ಇತ್ತು. ಆಮೇಲೆ ದನಿ ತಗ್ಗಿಸಿ, ‘ಹಾಗಾದ್ರೆ... ಎಷ್ಟು ಹೊತ್ತಾಗತ್ತೆ?’ ಎಂದು ಕೇಳಿದರು.

‘ಐನೂರನ್ನೂ ಮಿಷಿನ್ನಿಗೆ ಕೊಟ್ಟು ನೋಡ್ಬೇಕು.’

‘ಐನೂರಾ? ಮತ್ತೆ ಲಾರಿ?’

ಅವನು ಯಂತ್ರದ ಮೇಲಿನ ಬಟ್ಟೆಯನ್ನು ಪೂರ್ತಿ ಸರಿಸಿ, ಧೂಳು ಕೊಡವಿ, ಬುಟ್ಟಿಯಿಂದ ಮೊದಲನೆಯ ಸ್ಪ್ರಿಂಗನ್ನು ಎತ್ತಿಕೊಂಡ. ‘ಕಾಯ್ಲಿ’ ಅಂದ. ಆ ಮಾತು ಒಂದೇ ಸಲಕ್ಕೆ ಬಂತು.